ಮಗಳಿಗೊಂದು ಪತ್ರ: ಭಾನುವಾರ ನೀನು ಕೇಳಿದ್ದಕ್ಕೆ

ತಿಪಟೂರು
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಮಾತಾಡುತ್ತಿದ್ದ ಹಾಗೇ ಫೋನ್ ಇಟ್ಟುಬಿಟ್ಟೆ. ತಪ್ಪು ನನ್ನದು. ಆಮೇಲೆ ಎರಡು ಸಲ ಫೋನ್ ಕೈಗೆ ತಗೊಂಡೆ, ಮಾಡಲಿಲ್ಲ. ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಊರವರ ಪತ್ರ ಬರೆದ ಕೈ ಇದು. ಬರೆದರೆ ಮಾತ್ರ ನನಗೆ ಮಾತು ಸರಿಯಾಗಿ ಬರುತ್ತೆ.

ನೀನು ಕೇಳಿದ್ದು ಒಂದೇ ಮಾತು. "ಅತ್ತೆನ ನೀನೂ ಹೀಗೇ ತಾನೇ ವಾಪಸ್ ಬಿಟ್ಟು ಬಂದದ್ದು, ಅಪ್ಪ?"

ಹೌದು. ನನ್ನ ತಂಗಿಯನ್ನು ಗಂಡನ ಮನೆಗೆ ಹಾಗೇ ಬಿಟ್ಟು ಬಂದೆ.

ನೀನು ಇಂಟರ್ನ್‌ಶಿಪ್ ಮಾಡುತ್ತಿರುವ, ಮನೆಯಲ್ಲಿ ಹಿಂಸೆ ಪಡುವ ಹೆಂಗಸರಿಗೆ ಕಾನೂನಿನ ನೆರವು ಕೊಡುವ ಸಂಸ್ಥೆಗೆ ಶುಕ್ರವಾರ ಬಂದ ಆ ಹೆಣ್ಣುಮಗಳ ವಿಷಯ ಹೇಳಿದೆಯಲ್ಲ, ಅದು ನಾಲ್ಕು ದಿನದಿಂದ ತಲೆಯಲ್ಲೇ ಇದೆ. ಅವಳ ಹೆಸರು, ಊರು ಎರಡನ್ನೂ ನೀನು ಹೇಳಲಿಲ್ಲ. ಕೇಳಿದರೂ ಹೇಳಲಿಲ್ಲ. ಅದು ನನಗೆ ತುಂಬಾ ಹಿಡಿಸಿತು. ಮೂರು ಗಂಟೆ ಕೂತು ಅವಳ ಮಾತು ಬರೆದುಕೊಂಡೆ, ಡಿಐಆರ್, ಅಂದರೆ ಕೌಟುಂಬಿಕ ಹಿಂಸೆಯ ವರದಿ, ತುಂಬಿಸಿದೆ. ಮಾರನೇ ದಿನ ಅವಳ ಅಣ್ಣ ಹಣ್ಣಿನ ಕವರ್ ಹಿಡಿದುಕೊಂಡು ಬಂದ, ಮೆತ್ತಗೆ ಮಾತಾಡಿ ಕರೆದುಕೊಂಡು ಹೋದ. ನಿಮ್ಮ ಮೇಡಂ ತಡೆಯಲಿಲ್ಲ ಅಂತ ನಿನಗೆ ಅವರ ಮೇಲೂ ಸಿಟ್ಟು. ಮೇಡಂ ಮೇಲೆ ಸಿಟ್ಟು ಮಾಡಬೇಡ. ಹೋಗುವುದು, ಬಿಡುವುದು ಅವಳಿಗೇ ಸೇರಿದ್ದು. ಬಾಗಿಲು ತೆಗೆದೇ ಇರುತ್ತೆ ಅಂತ ಅವಳಿಗೆ ಗೊತ್ತಾಗುವ ಹಾಗೆ ಕಳಿಸಿದರಲ್ಲ, ಅಷ್ಟು ಕೂಡ ನಾನು ಮಾಡಲಿಲ್ಲ.

ಆ ಅಣ್ಣನನ್ನು ನಾನು ನೋಡಿಲ್ಲ. ಆದರೆ ಅವನು ಏನೇನು ಮಾತಾಡಿರುತ್ತಾನೆ ಅಂತ ನನಗೆ ಚೆನ್ನಾಗಿ ಗೊತ್ತು.

2012ರಲ್ಲಿ ನಿನಗೆ ಎಂಟು ವರ್ಷ. ಬೆಳಗಿನ ಜಾವ ಅತ್ತೆ ಬಂದದ್ದು, ಅಜ್ಜಿ ಅತ್ತದ್ದು, ಅಮ್ಮ ಅವಳ ಬೆನ್ನಿಗೆ ಎಣ್ಣೆ ಹಚ್ಚಿದ್ದು ಎಲ್ಲ ನಿನಗೂ ನೆನಪಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಚಪ್ಪಲಿ ವಿಷಯ. ಅದನ್ನು ನಿಮ್ಮಮ್ಮನಿಗೂ ಹೇಳಿಲ್ಲ.

ಅವಳು ಬಂದಾಗ ಬಲಗಾಲಲ್ಲಿ ಅವಳ ಚಪ್ಪಲಿ ಇತ್ತು. ಎಡಗಾಲಲ್ಲಿ ಗಂಡಸರ ಹವಾಯಿ. ನೀಲಿ ಪಟ್ಟಿ, ಅವಳ ಕಾಲಿಗಿಂತ ಎರಡು ಬೆರಳು ಉದ್ದ, ಪಟ್ಟಿ ಕಿತ್ತು ಬರದ ಹಾಗೆ ಕೆಳಗೆ ಪಿನ್ನು ಚುಚ್ಚಿತ್ತು. ಕತ್ತಲಲ್ಲಿ ಕಾಲಿಗೆ ಸಿಕ್ಕಿದ್ದು ಮೆಟ್ಟಿಕೊಂಡು ಬಂದುಬಿಟ್ಟಿದ್ದಳು. ಅರಸೀಕೆರೆಯಿಂದ ಇಲ್ಲಿವರೆಗೆ ಬಸ್ಸಿನಲ್ಲಿ ಯಾರಾದರೂ ನೋಡಿರಬೇಕು. ಕಾಲು ಸೀಟಿನ ಕೆಳಗೆ ಎಳೆದುಕೊಂಡು ಕೂತಿದ್ದಳೋ ಏನೋ.

ಮಾರನೇ ದಿನ ಬಿಟ್ಟು ಬರಲು ಹೊರಟಾಗ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೆ ಕರೆದುಕೊಂಡು ಹೋದೆ. ಇನ್ನೂರಿಪ್ಪತ್ತು ರೂಪಾಯಿಯ ಚಪ್ಪಲಿ ಕೊಡಿಸಿದೆ. ತವರಿನಿಂದ ಬರಿಗೈಯಲ್ಲಿ ಕಳಿಸಬಾರದು ಅಂತ ನನ್ನ ಮನಸ್ಸಿನಲ್ಲಿತ್ತು. ಅಂಗಡಿಯವನು ಹಳೇದನ್ನ ಬಿಸಾಕಲಾ ಅಂದ. ಅವಳು ತನ್ನದನ್ನು ಬಿಸಾಕಲು ಹೇಳಿದಳು. ಆ ಹವಾಯಿ ಒಂದನ್ನು ಮಾತ್ರ ಕವರಿಗೆ ಹಾಕಿಸಿಕೊಂಡಳು. ನಾನು ಯಾಕೆ ಅಂದೆ.

"ಹುಡುಕ್ತಾರೆ ಅಣ್ಣ" ಅಂದಳು.

ಅಷ್ಟೇ ಅಂದದ್ದು. ಚಿಲ್ಲರೆ ಎಣಿಸಿಕೊಂಡು, ಅವಳನ್ನು ಬಸ್ ಹತ್ತಿಸಿ, ಪಕ್ಕದಲ್ಲೇ ಕೂತು ಹೋದೆ. ಆ ಕವರ್ ಅವಳ ತೊಡೆ ಮೇಲಿತ್ತು. ಒಂದು ಚಪ್ಪಲಿ ಇಲ್ಲ ಅಂತ ಹೊಡೆಯುವ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ ಅಂತ ನನಗೆ ಆಗಲೇ ಗೊತ್ತಾಗಿತ್ತು ಪುಟ್ಟಿ. ಗೊತ್ತಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಬಸ್ಸು ಹೊರಡುವುದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಇಳಿಯಬಹುದಿತ್ತು. ಕಂಡಕ್ಟರ್ ಬಂದ, ಎರಡು ಅರಸೀಕೆರೆ ಅಂದೆ. ಈಗಲೂ ಆ ಅಂಗಡಿ ಮುಂದೆ ನಾನು ಹೋಗುವುದಿಲ್ಲ, ಸುತ್ತಿಕೊಂಡು ಹೋಗುತ್ತೇನೆ.

ಕಳಿಸುವ ಮುಂಚೆ ನಾನೇನೂ ಮಾಡಲಿಲ್ಲ ಅಂತ ಅಲ್ಲ. ನನಗೆ ಗೊತ್ತಿದ್ದ ಕೆಲಸ ಮಾಡಿದೆ, ಪತ್ರ ನೋಡಿದೆ. ಅವರ ಮನೆಯ ಖಾತೆ ಅವಳ ಗಂಡನ ತಾಯಿಯ ಹೆಸರಲ್ಲಿತ್ತು. ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅತ್ತೆ ಹೆಸರಿನ ಮನೆಯಲ್ಲಿ ಸೊಸೆಗೆ ವಾಸದ ಹಕ್ಕಿಲ್ಲ, ಸುಪ್ರೀಂ ಕೋರ್ಟೇ ಹೇಳಿದೆ ಅಂದರು. ಅದು 2006ರ ತೀರ್ಪು, ಬಾತ್ರಾ ಕೇಸು ಅಂತ ಈಗ ನಿನ್ನಿಂದ ಗೊತ್ತಾಯಿತು. 2020ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಆ ತೀರ್ಪು ಸರಿಯಲ್ಲ ಅಂತು, ಗಂಡನ ಕಡೆಯವರ ಹೆಸರಲ್ಲಿದ್ದರೂ ಅವಳು ಸಂಸಾರ ಮಾಡಿದ ಮನೆಯಲ್ಲಿ ವಾಸದ ಹಕ್ಕು ಕೇಳಬಹುದು ಅಂತು ಎಂದು ನೀನು ಹೇಳಿದಾಗ ಇಸವಿ ಯಾವುದು ಅಂತ ಎರಡು ಸಲ ಕೇಳಿದೆನಲ್ಲ, ಅದಕ್ಕೇ ಕೇಳಿದ್ದು. ಮಧ್ಯದ ಹದಿನಾಲ್ಕು ವರ್ಷದಲ್ಲಿ ನಮ್ಮ 2012 ಬಂತು.

ಆದರೆ ಮನೆಯೊಂದು ಬಿಟ್ಟು ಬೇರೆಯದೆಲ್ಲ ಆಗಲೂ ಇತ್ತು, ಅಲ್ವಾ? ನೀನು ಬಿಟ್ಟು ಹೋದ ಪುಸ್ತಕ ತೆಗೆದು ಓದಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರದ್ದು. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26. ಮುಟ್ಟಬೇಡ, ಹತ್ತಿರ ಬರಬೇಡ ಅಂತ ಆದೇಶ ತರಬಹುದು. ಬೇರೆ ಬಾಡಿಗೆ ಮನೆ ಮಾಡಿಕೊಡು ಅಂತ ಕೇಳಬಹುದು. ಖರ್ಚಿಗೆ ಕೇಳಬಹುದು, ಮಗು ನನ್ನ ಹತ್ತಿರ ಇರಲಿ ಅಂತ ಕೇಳಬಹುದು. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ, 1987ರ ಕಾಯ್ದೆಯಲ್ಲೇ ಇದೆ. ಇನ್ನು ಇಂಥ ಹೆಂಗಸರಿಗೆ ನೆರವಾಗಲು ಸಂರಕ್ಷಣಾಧಿಕಾರಿ ಅಂತ ಬರುತ್ತದಲ್ಲ, ನಮ್ಮ ರಾಜ್ಯದಲ್ಲಿ ಅದು ಸಿಡಿಪಿಓ, ಶಿಶು ಅಭಿವೃದ್ಧಿ ಯೋಜನಾಧಿಕಾರಿ ಅಂತೆ. ಆ ಬೋರ್ಡು ನಾನು ದಿನಾ ಸೈಕಲ್ಲಿನಲ್ಲಿ ಹೋಗುವ ದಾರಿಯಲ್ಲೇ ಇತ್ತು. ಅಂಗನವಾಡಿ ಆಫೀಸು ಅಂದುಕೊಂಡಿದ್ದೆ. ಆರು ವರ್ಷದಿಂದ ಇದ್ದ ಕಾನೂನು, ದಾರಿಯಲ್ಲೇ ಇದ್ದ ಆಫೀಸು.

ಇನ್ನೊಂದು ಇದೆ. ಇದನ್ನು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ.

2009ರಲ್ಲಿ ನಿನ್ನ ತಾತ ಹೋದಮೇಲೆ ತೋಟ, ಮನೆ ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಅವಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡೆ. ಬರೆದವನೂ ನಾನೇ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಕಾನೂನು ತಿದ್ದಿದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದಕ್ಕೇ ಆ ಪತ್ರ ಬೇಕಾಯಿತು. ಒಂದು ಸೀರೆ, ಅರಿಶಿನ ಕುಂಕುಮ, ಐದು ಸಾವಿರ ರೂಪಾಯಿ. ನಾವು ಬರೆಯುವ ಎಲ್ಲ ಪತ್ರದ ಕೊನೆಯಲ್ಲೂ "ಓದಿಸಿ ಕೇಳಿ ಸರಿ ಎಂದು ಒಪ್ಪಿ ಸಹಿ ಮಾಡಿರುತ್ತೇನೆ" ಅಂತ ಒಂದು ಸಾಲು ಇರುತ್ತೆ. ಅವಳಿಗೆ ನಾನು ಓದಿ ಹೇಳಲೇ ಇಲ್ಲ. ಅಣ್ಣ ಬರೆದದ್ದು ಅಂತ ಅವಳೂ ಕೇಳಲಿಲ್ಲ. ಮೂರು ವರ್ಷ ಆದಮೇಲೆ ಆ ಬೆಳಗಿನ ಜಾವ ಬಂದವಳು ಒಳಗೆ ಬರದೆ ಜಗಲಿಯ ಮೇಲೆ ಕೂತಿದ್ದಳು. ನಿಮ್ಮಮ್ಮ ಬಂದು ಕೈ ಹಿಡಿದು ಎಬ್ಬಿಸಿದ ಮೇಲೇ ಒಳಗೆ ಬಂದದ್ದು.

ನೀನು ಮೊದಲ ವಾರ ಫೋನ್ ಮಾಡಿದಾಗ ಹೇಳಿದ್ದೆ, ಬರೆದ ಅರ್ಜಿಯನ್ನು ಆ ಹೆಂಗಸರಿಗೆ ಪೂರ್ತಿ ಓದಿ ಹೇಳುತ್ತೇನೆ, ಅವರು ಇದು ನಾನಂದದ್ದಲ್ಲ ಅಂದರೆ ಹೊಡೆದುಹಾಕಿ ಮತ್ತೆ ಬರೆಯುತ್ತೇನೆ ಅಂತ. ಒಬ್ಬರು "ಬೈದರು ಅಂತ ಬರೀಬೇಡಮ್ಮ, ಯಾವ ಮಾತು ಅಂದರು ಅಂತ ಬರಿ" ಅಂದರು, ಆ ಮಾತು ಬರೆಯುವಾಗ ನಿನ್ನ ಕೈ ನಡುಗಿತು ಅಂದೆ. ಆಫೀಸಿನ ಎದುರು ನನ್ನ ಜೊತೆ ಕೂರುವವರಿಗೆಲ್ಲ ಅದನ್ನು ಹೇಳಿದೆ. ನನ್ನ ಮಗಳು ಕನ್ನಡದಲ್ಲಿ ಅಫಿಡವಿಟ್ ಬರೆಯುತ್ತಾಳೆ ಅಂದೆ. ಕಣ್ಣಲ್ಲಿ ನೀರು ಬಂತು.

ಈಗ ಜಗಳದ ಇನ್ನೊಂದು ಅರ್ಧ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಐದು ವರ್ಷದ ಕೋರ್ಸಿಗೆ ಒಟ್ಟು ಇಪ್ಪತ್ತು ವಾರ ಇಂಟರ್ನ್‌ಶಿಪ್, ಒಂದು ವರ್ಷದಲ್ಲಿ ಒಟ್ಟಿಗೆ ನಾಲ್ಕು ವಾರಕ್ಕಿಂತ ಜಾಸ್ತಿ ಇಲ್ಲ ಅಂತ ನೀನೇ ಹೇಳಿದ್ದೆ. ಈ ಸಲದ ನಾಲ್ಕು ವಾರ ಮುಗಿಯಿತು, ಬಾ ಅಂದರೆ, ಲೆಕ್ಕಕ್ಕೆ ಬರದಿದ್ದರೂ ಪರವಾಗಿಲ್ಲ, ಕಾಲೇಜು ಶುರುವಾಗುವವರೆಗೆ ಇಲ್ಲೇ ಇರ್ತೀನಿ ಅಂತೀಯ. ನನಗೆ ಭಯ. ಒಬ್ಬಳ ಗಂಡ ಬಂದು ನಿಮ್ಮ ಗೇಟಿನ ಹತ್ತಿರ ಸಂಜೆವರೆಗೆ ನಿಂತಿದ್ದ ಅಂದೆಯಲ್ಲ, ಅವತ್ತಿನಿಂದ ನೀನು ಪಿಜಿ ತಲುಪಿದೆ ಅನ್ನುವ ಮೆಸೇಜ್ ಬರುವವರೆಗೆ ನಾನು ಊಟಕ್ಕೆ ಕೂರುವುದಿಲ್ಲ. ನಿನ್ನ ಸ್ವಂತ ನಂಬರ್ ಯಾರಿಗೂ ಕೊಡಬೇಡ. ಕತ್ತಲಾದ ಮೇಲೆ ಒಬ್ಬಳೇ ಬಸ್ ಸ್ಟಾಪಿಗೆ ನಡೆಯಬೇಡ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ, ಆ ಫ್ಯಾಮಿಲಿ ಕೋರ್ಟಿಗೆ ಹೋದ ದಿನ ಎದುರು ಪಾರ್ಟಿಯವರ ಜೊತೆ ಕಾರಿಡಾರಿನಲ್ಲಿ ಮಾತಿಗೆ ಇಳಿಯಬೇಡ. ಕೆಲಸ ಆಗೇ ಆಗುತ್ತೆ ಅಂತ ಯಾರಿಗೂ ಮಾತು ಕೊಡಬೇಡ. ಮೊದಲ ವಿಚಾರಣೆ ಆಗಿ ಅರವತ್ತು ದಿನದೊಳಗೆ ಅರ್ಜಿ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ, ಏಳು ತಿಂಗಳಾದರೂ ನೋಟಿಸೇ ಜಾರಿಯಾಗದ ಕೇಸೂ ಇದೆ ಅಂತ ನೀನೇ ಅಂದೆ. ಮೂಲ ಪತ್ರ ಯಾರ ಕೈಗೂ ಕೊಡಬಾರದು, ಜೆರಾಕ್ಸ್ ಮಾತ್ರ ಅಂತ ಅವರಿಗೆ ಹೇಳು. ಆಸ್ಪತ್ರೆ ಚೀಟಿ, ಒಡವೆ ಕೊಂಡ ರಸೀದಿ, ಮದುವೆ ಫೋಟೋ ಎಲ್ಲ ತವರಿನಲ್ಲೋ ಗೆಳತಿ ಹತ್ತಿರವೋ ಇಡಲಿ. ಸಮಯಕ್ಕೆ ಸರಿಯಾಗಿ ಊಟ ಮಾಡು. ರಾತ್ರಿ ಆ ಫೈಲುಗಳನ್ನು ರೂಮಿಗೆ ತರಬೇಡ.

ನೋಡು, ಬುದ್ಧಿವಾದ ಹೇಳುವುದಿಲ್ಲ ಅಂದುಕೊಂಡೇ ಕೂತಿದ್ದೆ. ಬಸ್ಸಿನಲ್ಲೂ ನಿನ್ನ ಅತ್ತೆಗೆ ಹೀಗೇ ಹೇಳುತ್ತಾ ಹೋಗಿದ್ದೆ, ಅರಸೀಕೆರೆ ಬರುವವರೆಗೆ. ಎದುರು ಮಾತಾಡಬೇಡ, ಅವನು ಕುಡಿದು ಬಂದಾಗ ಸುಮ್ನೆ ಇರು, ಮಗುವಿನ ಮುಖ ನೋಡು. ಅವಳು ಹೂಂ ಹೂಂ ಅಂದಳು. ನೀನು ಹೂಂ ಅನ್ನಬೇಡ. ಸರಿ ಅನ್ನಿಸಿದ್ದು ಇಟ್ಟುಕೋ, ಉಳಿದದ್ದು ಬಿಡು. ಕಾಲೇಜು ಶುರುವಾಗುವವರೆಗೆ ಅಲ್ಲೇ ಇರು. ನಾನು ಬೇಡ ಅನ್ನುವುದಿಲ್ಲ.

ನಿನ್ನೆ ಅರಸೀಕೆರೆಗೆ ಹೋಗಿದ್ದೆ. ಕ್ಷಮಿಸು ಅಂತ ಕೇಳಬೇಕು ಅಂತಲೇ ಹೋದದ್ದು. ಅವಳು ಕಾಫಿ ಮಾಡಿದಳು. ಒಳಗಿನಿಂದ ಅವಳ ಗಂಡ ಕೆಮ್ಮುತ್ತಿದ್ದ, ಈಗ ಎದ್ದು ಓಡಾಡಲು ಆಗುವುದಿಲ್ಲ, ಇವಳೇ ಎಲ್ಲ ಮಾಡಬೇಕು. ನಾನು ಕೊಬ್ಬರಿ ರೇಟಿನ ವಿಷಯ ಮಾತಾಡಿದೆ. ಆಮೇಲೆ ನಿನ್ನ ಕೆಲಸದ ವಿಷಯ ಹೇಳಿದೆ. ಹೊಲಿಗೆ ಮಷಿನ್ ನಿಲ್ಲಿಸಿ ಪೂರ್ತಿ ಕೇಳಿದಳು. ಹಕ್ಕು ಬಿಡುಗಡೆ ಪತ್ರದ ಮಾತು ನಾಲಿಗೆ ತುದಿಯವರೆಗೆ ಬಂತು, ಹೊರಗೆ ಬರಲಿಲ್ಲ. ಅದನ್ನು ಸರಿ ಮಾಡಲು ಏನು ದಾರಿ ಇದೆ ಅಂತ ನಿಮ್ಮ ಮೇಡಂ ಹತ್ತಿರ ಕೇಳಿ ತಿಳಿಸು. ದಾನಪತ್ರ ಬರೆದುಕೊಡಬಹುದು ಅಂತ ನನಗೆ ಗೊತ್ತು, ಆದರೆ ಈ ಸಲ ಬರೆಯುವವನು ನಾನಾಗಬಾರದು.

ಹೊರಟಾಗ ಬಾಗಿಲವರೆಗೆ ಬಂದಳು. ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

"ಪುಟ್ಟಿ ಆಫೀಸು ಎಷ್ಟು ಗಂಟೆ ತನಕ ತೆಗೆದಿರುತ್ತೆ ಅಣ್ಣ?" ಅಂದಳು.

ಯಾರಿಗೆ ಅಂತ ನಾನು ಕೇಳಲಿಲ್ಲ. ಮಹಿಳಾ ಸಹಾಯವಾಣಿಯ ನಂಬರ್ 181 ಅಂತ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದುಕೊಟ್ಟು ಬಂದೆ. ಆಫೀಸಿನ ವೇಳೆ, ವಿಳಾಸ ನೀನು ಬರೆದು ಕಳಿಸು. ಮೆಸೇಜ್ ಬೇಡ, ಅವಳ ಫೋನ್ ಎಲ್ಲರ ಕೈಯಲ್ಲೂ ಇರುತ್ತೆ. ಕಾಗದದ ಮೇಲೆ, ದೊಡ್ಡ ಅಕ್ಷರದಲ್ಲಿ. ನಾನೇ ತಗೊಂಡು ಹೋಗಿ ಕೊಡುತ್ತೇನೆ, ಓದಿ ಹೇಳಿ ಬರುತ್ತೇನೆ.

ಅಮ್ಮ ಕೊಬ್ಬರಿ ಮಿಠಾಯಿ, ಚಟ್ನಿಪುಡಿ ಕಟ್ಟಿದ್ದಾಳೆ. ಶನಿವಾರ ಕಳಿಸುತ್ತೇನೆ.

ನಿನ್ನ
ಅಪ್ಪ