ರಕ್ಷಣೆಯ ಮಾತು ಕೊಡುವ ಮುನ್ನ ಕುವೈತಿನ ಹಳೆಯ ಕಾಗದಗಳನ್ನು ಓದಿ: ಕರ್ನಾಟಕದ ಸಂಸದರಿಗೆ ಬಹಿರಂಗ ಪತ್ರ

ಕರ್ನಾಟಕದಿಂದ ಲೋಕಸಭೆಗೆ ಹೋಗಿರುವ 28 ಮತ್ತು ರಾಜ್ಯಸಭೆಯಲ್ಲಿ ಕೂರುವ 12 ಸದಸ್ಯರಿಗೆ,

ವಿಷಯ: ಕೊಲ್ಲಿ ದೇಶಗಳ ಜೊತೆಗಿನ ರಕ್ಷಣಾ ಒಪ್ಪಂದಗಳ ಪೂರ್ಣ ಪಠ್ಯವನ್ನು ಸದನದ ಮುಂದಿಡುವಂತೆ ಒತ್ತಾಯಿಸುವ ಕುರಿತು.

ಮಾನ್ಯರೇ,

2024ರ ಡಿಸೆಂಬರ್ 22ರಂದು ಭಾರತ ಮತ್ತು ಕುವೈತ್ ರಕ್ಷಣಾ ಸಹಕಾರದ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದವು. ತರಬೇತಿ, ತಜ್ಞರ ವಿನಿಮಯ, ಜಂಟಿ ಸಮರಾಭ್ಯಾಸ, ಸಲಕರಣೆ ಪೂರೈಕೆ, ಸಂಶೋಧನೆ ಇದರ ವ್ಯಾಪ್ತಿ ಎಂದು ಸರ್ಕಾರ ಹೇಳಿದೆ. ಯಾರಾದರೂ ಕುವೈತಿನ ಮೇಲೆ ಬಿದ್ದರೆ ನಾವು ಕಾದಾಡುತ್ತೇವೆ ಎಂಬ ಮಾತು ಅದರಲ್ಲಿಲ್ಲ. ಇಂದಿನ ಮಟ್ಟಿಗೆ ಅದು ಸರಿ. ಆದರೆ ಮರು ವರ್ಷವೇ, 2025ರ ಸೆಪ್ಟೆಂಬರ್ 9ರಂದು, ಇಸ್ರೇಲ್ ದೋಹಾದ ಮೇಲೆ ದಾಳಿ ಮಾಡಿತು. ಅಮೆರಿಕದ ದೊಡ್ಡ ವಾಯುನೆಲೆ ಅಲ್ ಉದೈದ್ ಇರುವುದು ಅದೇ ಕತಾರ್‌ನಲ್ಲಿ. ಎಂಟು ದಿನ ಕಳೆಯುವುದರೊಳಗೆ ಸೌದಿ ಅರೇಬಿಯಾ ಪಾಕಿಸ್ತಾನದೊಡನೆ ಪರಸ್ಪರ ರಕ್ಷಣೆಯ ಒಪ್ಪಂದ ಮಾಡಿಕೊಂಡಿತು. ಅದೇ ತಿಂಗಳ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷರು ಕತಾರ್‌ಗೆ ರಕ್ಷಣೆಯ ಭರವಸೆ ಕೊಟ್ಟರು. ಅದೂ ಸೆನೆಟ್ ಒಪ್ಪಿದ ಒಪ್ಪಂದವಲ್ಲ, ಬರಿಯ ಆಡಳಿತಾತ್ಮಕ ಆದೇಶ. ಕೊಲ್ಲಿಯ ಪುಟ್ಟ ರಾಜ್ಯಗಳು ಮತ್ತೆ ಕಾವಲುಗಾರರನ್ನು ಹುಡುಕುತ್ತಿವೆ. ಸುಮಾರು 90 ಲಕ್ಷ ಭಾರತೀಯರು ದುಡಿಯುವ ಆ ಸೀಮೆಯಿಂದ ಒಂದಲ್ಲ ಒಂದು ದಿನ ದೆಹಲಿಗೂ ಕೋರಿಕೆ ಬರುತ್ತದೆ.

ಅದು ಬರುವ ಮೊದಲು ನೀವು ಒಂದು ಹಳೆಯ ಕಡತ ನೋಡಬೇಕು. ಕುವೈತಿಗೆ ರಕ್ಷಣೆಯ ಮಾತು ಈ ಹಿಂದೆ ಕೊಟ್ಟಾಗಿದೆ, ಕೊಟ್ಟದ್ದು ಬ್ರಿಟಿಷರ ಭಾರತ ಸರ್ಕಾರದ ಕೈಯಿಂದಲೇ.

1899ರ ಜನವರಿ 23ರಂದು ಕುವೈತಿನ ದೊರೆ ಷೇಖ್ ಮುಬಾರಕ್ ಅಲ್ ಸಬಾಹ್ ಒಂದು ಕರಾರಿಗೆ ಸಹಿ ಹಾಕಿದ. ಎದುರು ಪಕ್ಷದಲ್ಲಿ ಸಹಿ ಮಾಡಿದ ಕರ್ನಲ್ ಮೀಡ್ ಇರಾನಿನ ಬಂದರು ಬುಷೆಹ್ರ್‌ನಲ್ಲಿದ್ದ ಪೊಲಿಟಿಕಲ್ ರೆಸಿಡೆಂಟ್, ಅಂದರೆ ಕಲ್ಕತ್ತೆಯ ಸರ್ಕಾರದ ಅಧಿಕಾರಿ. ಒಪ್ಪಿಗೆಯ ಮುದ್ರೆ ವೈಸ್‌ರಾಯ್ ಕರ್ಜನ್ ಅವರದು. ಮುಬಾರಕ್‌ಗೆ ಸಂದ ಹಣ 15,000 ರೂಪಾಯಿ. ನಮ್ಮದೇ ರೂಪಾಯಿ, ಕುವೈತಿನ ಪೇಟೆಯಲ್ಲಿ ಆಗ ಓಡುತ್ತಿದ್ದದ್ದೂ ಅದೇ.

ಕರಾರಿನಲ್ಲಿ ಷೇಖ್ ಒಪ್ಪಿಕೊಂಡದ್ದು ಬಹಳ ನಿಖರವಾಗಿದೆ. ಬ್ರಿಟಿಷ್ ಸರ್ಕಾರದ ಪೂರ್ವಾನುಮತಿ ಇಲ್ಲದೆ ಬೇರೆ ಯಾವ ರಾಷ್ಟ್ರದ ಪ್ರತಿನಿಧಿಯನ್ನೂ ಬರಮಾಡಿಕೊಳ್ಳುವಂತಿಲ್ಲ. ತನ್ನ ನೆಲದ ಯಾವ ಭಾಗವನ್ನೂ ಬೇರೆ ಸರ್ಕಾರಕ್ಕಾಗಲಿ ಅದರ ಪ್ರಜೆಗಳಿಗಾಗಲಿ ಬಿಟ್ಟುಕೊಡುವಂತಿಲ್ಲ, ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ, ಅಡವಿಡುವಂತಿಲ್ಲ. ಇದು ಅವನನ್ನಷ್ಟೇ ಅಲ್ಲ, ಅವನ ವಾರಸುದಾರರನ್ನೂ ಕಟ್ಟಿಹಾಕುತ್ತದೆ. ಇದಕ್ಕೆ ಪ್ರತಿಯಾಗಿ ಅವನಿಗೆ ಸಿಕ್ಕಿದ್ದೇನು? ಕರಾರಿನಲ್ಲಿ ರಕ್ಷಣೆಯ ಸುದ್ದಿಯೇ ಇಲ್ಲ. ಅದೇ ದಿನ ಮೀಡ್ ಬರೆದ ಪ್ರತ್ಯೇಕ ಪತ್ರವೊಂದಿದೆ. ಷೇಖ್ ಮತ್ತು ಅವನ ವಾರಸುದಾರರು ಕರಾರನ್ನು ಪ್ರಾಮಾಣಿಕವಾಗಿ ಪಾಲಿಸುವವರೆಗೆ ಬ್ರಿಟಿಷ್ ಸರ್ಕಾರದ ಸೌಹಾರ್ದದ ನೆರವು ಇರುತ್ತದೆ ಎನ್ನುತ್ತದೆ ಅದು. ನೆರವು ಅಂದರೆ ಹಡಗೋ, ಸಿಪಾಯಿಯೋ, ಶಿಫಾರಸು ಪತ್ರವೋ? ಅದನ್ನು ಬರೆಯಲಿಲ್ಲ. ಜೊತೆಗೆ ಇಡೀ ವ್ಯವಹಾರವನ್ನು ಗುಟ್ಟಾಗಿಡಬೇಕೆಂಬ ತಾಕೀತು ಬೇರೆ.

ಹೀಗೆ ಒಂದು ಕಡೆಯ ಹೊಣೆಗೆ ಗೆರೆ ಕೊರೆದು, ಇನ್ನೊಂದು ಕಡೆಯ ಹೊಣೆಯನ್ನು ಮಸುಕಾಗಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೂಬಿಯಾನ್ ದ್ವೀಪವೇ ಸಾಕ್ಷಿ. 1901ರ ಆಗಸ್ಟ್‌ನಲ್ಲಿ ಒಟ್ಟೋಮನ್ (ತುರ್ಕಿ) ಸಾಮ್ರಾಜ್ಯದ ಯುದ್ಧನೌಕೆ ಜುಹಾಫ್ ಕುವೈತ್ ಬಂದರಿಗೆ ಬಂದಾಗ ಬ್ರಿಟಿಷರ ಪರ್ಸಿಯಸ್ ಅದನ್ನು ತಡೆಯಿತು. ಊರು ಉಳಿಯಿತು. ಮುಂದಿನ ವರ್ಷ ತುರ್ಕರು ಊರಿನ ತಂಟೆಗೆ ಬರಲಿಲ್ಲ. ಉಮ್ ಕಸ್ರ್, ಸಫ್ವಾನ್, ಬೂಬಿಯಾನ್ ಎಂಬ ಅಂಚಿನ ಜಾಗಗಳಲ್ಲಿ ಸಣ್ಣ ಸಣ್ಣ ಠಾಣೆ ಹಾಕಿದರು. ಈ ಜಾಗಗಳು ಷೇಖನ ನೆಲವೇ ಅಲ್ಲವೇ ಎಂದು ಯಾವ ಕಾಗದದಲ್ಲೂ ಇರಲಿಲ್ಲ, ಹಾಗಾಗಿ ಕಾವಲುಗಾರನೂ ಕದಲಲಿಲ್ಲ. ಬ್ರಿಟನ್ನಿನ ಆಗಿನ ವಿದೇಶಾಂಗ ಸಚಿವ ಲ್ಯಾನ್ಸ್‌ಡೌನ್ 1902ರಲ್ಲಿ ತಮ್ಮ ಸಹೋದ್ಯೋಗಿಗಳಿಗೆ ಬರೆದ ಟಿಪ್ಪಣಿಯಲ್ಲಿ ಒಪ್ಪಿಕೊಂಡರು: ಷೇಖನ ಗಡಿ ಎಷ್ಟು ಅಸ್ಪಷ್ಟವೋ ಅವನ ಬಗೆಗಿನ ನಮ್ಮ ಹೊಣೆಯೂ ಅಷ್ಟೇ ಅಸ್ಪಷ್ಟ ಎಂಬುದು ಅದರ ತಾತ್ಪರ್ಯ. ಮಾತು ಕೊಟ್ಟು ಮೂರು ವರ್ಷವಾದ ಮೇಲೆ, ಕೊಟ್ಟದ್ದೇನು ಎಂಬುದು ಕೊಟ್ಟವರಿಗೇ ಗೊತ್ತಿರಲಿಲ್ಲ.

ಅದೇ ಮೂರು ಹೆಸರುಗಳು ಮತ್ತೆ ಕಾಣಿಸಿಕೊಳ್ಳುವುದು 1914ರ ನವೆಂಬರ್ 3ರ ಪತ್ರದಲ್ಲಿ. ತುರ್ಕಿಯ ಮೇಲೆ ಯುದ್ಧ ಶುರುವಾಗಿತ್ತು. ಉಮ್ ಕಸ್ರ್, ಸಫ್ವಾನ್, ಬೂಬಿಯಾನ್‌ಗಳ ಮೇಲೆ ದಾಳಿ ಮಾಡಿ ಹಿಡಿದುಕೋ ಎಂದು ರೆಸಿಡೆಂಟ್ ಮುಬಾರಕ್‌ನನ್ನು ಕೇಳಿದರು. ಪ್ರತಿಫಲವಾಗಿ ಕುವೈತ್ ಬ್ರಿಟಿಷ್ ರಕ್ಷಣೆಯಲ್ಲಿರುವ ಸ್ವತಂತ್ರ ಸರ್ಕಾರ ಎಂದು ಮೊದಲ ಸಲ ಒಪ್ಪಿಕೊಂಡರು. ಮೂರು ದಿನದ ನಂತರ ಇಂದಿನ ಇರಾಕಿನ ಕರಾವಳಿಯ ಫಾವ್‌ನಲ್ಲಿ ಇಳಿದದ್ದು ಪೂನಾ ಡಿವಿಷನ್ನಿನ 16ನೇ ಬ್ರಿಗೇಡ್. ಅದರ ನಾಲ್ಕು ಪಡೆಗಳಲ್ಲಿ ಮೂರು ಭಾರತದವು, ಅವುಗಳಲ್ಲೊಂದು 117ನೇ ಮರಾಠಾ. ಆ ಪಡೆ ಮುಂದೆ ಸೇರಿದ ಮರಾಠಾ ಲೈಟ್ ಇನ್ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವುದು ಬೆಳಗಾವಿಯಲ್ಲಿ. ಸಹಿ ಹಾಕಿದವರು ಬೇರೆ, ನೆತ್ತರು ಕೊಟ್ಟವರು ಬೇರೆ. ನಮ್ಮ ಯಾವ ಪ್ರತಿನಿಧಿಯನ್ನೂ ಯಾರೂ ಕೇಳಿರಲಿಲ್ಲ.

1914ರ ಪತ್ರದಲ್ಲಿ ಇನ್ನೊಂದು ಮಾತಿತ್ತು. ಫಾವ್‌ನಿಂದ ಕುರ್ನಾವರೆಗೆ ಷಟ್ ಅಲ್ ಅರಬ್ ನದಿಯ ದಡದಲ್ಲಿದ್ದ ಷೇಖನ ಖರ್ಜೂರದ ತೋಟಗಳು ಅವನ ವಂಶಕ್ಕೇ ಉಳಿಯುತ್ತವೆ, ಅವಕ್ಕೆ ಕಂದಾಯವಿಲ್ಲ. ಓದಲು ಎಷ್ಟು ಚೆಂದ! ಆದರೆ ತೋಟಗಳಿದ್ದ ನೆಲ ಇರಾಕಿನ ಪಾಲಾಯಿತು, 1932ರಲ್ಲಿ ಇರಾಕ್ ಸ್ವತಂತ್ರವಾಯಿತು. ಇನ್ನೊಬ್ಬರ ನೆಲದಲ್ಲಿ ತೆರಿಗೆ ಮಾಫಿ ಮಾಡುತ್ತೇನೆಂದು ಲಂಡನ್ ಕೊಟ್ಟ ಮಾತಿಗೆ ಬಗ್ದಾದ್ ಏಕೆ ಬದ್ಧವಾಗಬೇಕು? ತೆರಿಗೆ ಬಂತು, ಹಕ್ಕುಪತ್ರದ ಮೇಲೆ ದಾವೆಗಳು ಬಂದವು, ಆಗ ಕುವೈತ್ ಆಳುತ್ತಿದ್ದ ಷೇಖ್ ಅಹ್ಮದ್ ವರ್ಷಗಟ್ಟಲೆ ದೂರು ಬರೆಯುತ್ತ ಕೂತರು. ತನ್ನ ಅಧಿಕಾರ ಮುಗಿದ ಮೇಲೆ ಆ ಮಾತನ್ನು ಯಾರು ನಡೆಸುತ್ತಾರೆ ಎಂದು ಕಾವಲುಗಾರ ಬರೆದಿಟ್ಟಿರಲಿಲ್ಲ.

1922ರ ಉಕೈರ್ ಸಭೆ ಇದಕ್ಕಿಂತ ಕಹಿ. ನಜ್ದ್ (ಇಂದಿನ ಸೌದಿ ಅರೇಬಿಯಾದ ಒಳನಾಡು), ಇರಾಕ್, ಕುವೈತ್‌ಗಳ ಗಡಿ ಹಾಕಲು ಇರಾಕಿನಲ್ಲಿದ್ದ ಬ್ರಿಟಿಷ್ ಹೈಕಮಿಷನರ್ ಪರ್ಸಿ ಕಾಕ್ಸ್ ಕೂತಾಗ ಷೇಖ್ ಅಹ್ಮದ್ ಅಲ್ಲಿರಲೇ ಇಲ್ಲ. ಅವರ ಪರವಾಗಿ ಕೂತದ್ದು ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮೇಜರ್ ಮೋರ್. ಡಿಸೆಂಬರ್ 2ರಂದು ಸಹಿಯಾಗುವ ಹೊತ್ತಿಗೆ, 1913ರ ಆಂಗ್ಲೋ-ಒಟ್ಟೋಮನ್ ಕರಡಿನಲ್ಲಿ ಕುವೈತಿಗೆ ತೋರಿಸಿದ್ದ ನೆಲದಲ್ಲಿ ಸುಮಾರು ಮೂರನೇ ಎರಡು ಭಾಗ ನಜ್ದ್ ದೊರೆ ಇಬ್ನ್ ಸೌದ್ ಕಡೆಗೆ ಹೋಗಿತ್ತು. ಅನುಮತಿಯಿಲ್ಲದೆ ಅಂಗೈಯಗಲ ನೆಲವನ್ನೂ ಕೊಡಕೂಡದೆಂದು ಷೇಖನ ಕೈ ಕಟ್ಟಿದವರೇ ಅವನನ್ನು ಕೇಳದೆ ಕೊಟ್ಟರು. 1899ರ ಕಾಗದದಲ್ಲಿ ಷೇಖನಿಗೆ ನಿಷೇಧವಿತ್ತು, ಕಾವಲುಗಾರನಿಗೆ ಇರಲಿಲ್ಲ.

ಉತ್ತರದ ಗಡಿಯ ಕತೆಯನ್ನು ಹೊಲದ ಬಾಂದುಕಲ್ಲಿನ ವ್ಯಾಜ್ಯ ಕಂಡ ನಮ್ಮ ಹಳ್ಳಿಯವರು ತಕ್ಷಣ ಹಿಡಿಯುತ್ತಾರೆ. ಪತ್ರಗಳಲ್ಲಿದ್ದದ್ದು, ಗೆರೆ ಸಫ್ವಾನ್‌ನ ಬಾವಿಗಳಿಗೆ ದಕ್ಷಿಣದಲ್ಲಿ ಹಾದುಹೋಗುತ್ತದೆ ಎಂಬ ಮಾತಷ್ಟೇ. ಗುರುತಿಗೆ 1923ರಲ್ಲಿ ಒಂದು ಹಲಗೆ ನೆಟ್ಟರು. ಆಮೇಲೆ ಅದರ ಜಾಗವನ್ನು ಸಫ್ವಾನ್‌ನ ಕಟ್ಟಕಡೆಯ ಖರ್ಜೂರದ ಮರದಿಂದ ದಕ್ಷಿಣಕ್ಕೆ ಒಂದು ಮೈಲಿ ಎಂದು ಹೇಳಿದರು. ತೋಟ ಬೆಳೆಯುತ್ತದೆ, ದಕ್ಷಿಣಕ್ಕೆ ಹೊಸ ಗಿಡ ನೆಟ್ಟರೆ ಗಡಿಯೂ ದಕ್ಷಿಣಕ್ಕೆ ನಡೆಯುತ್ತದೆ. ಕೊನೆಗೆ ಹಲಗೆಯೇ ಕಾಣೆಯಾಯಿತು. ಅದು ನಿಂತಿದ್ದ ಜಾಗವನ್ನು ವಿಶ್ವಸಂಸ್ಥೆಯ ಆಯೋಗ ಅಳೆದು ಕಂಬ ನೆಟ್ಟು ಮುಗಿಸುವಾಗ 1993. ಅಷ್ಟರಲ್ಲಿ ಒಂದು ಆಕ್ರಮಣ, ಒಂದು ದೊಡ್ಡ ಯುದ್ಧ ಆಗಿಹೋಗಿದ್ದವು.

ಮಾತು ಸ್ಪಷ್ಟವಿದ್ದಾಗಲೂ ಕೆಲಸ ಸುಲಭವಲ್ಲ ಎಂಬುದನ್ನು 1961 ತೋರಿಸುತ್ತದೆ. ಆ ವರ್ಷ ಜೂನ್ 19ರಂದು 1899ರ ಕರಾರನ್ನು ರದ್ದು ಮಾಡಿ ಹೊಸ ಪತ್ರ ವಿನಿಮಯ ಮಾಡಿಕೊಂಡರು. ಕುವೈತ್ ಸ್ವತಂತ್ರವಾಯಿತು, ಆದರೆ ಕುವೈತ್ ಕೇಳಿಕೊಂಡರೆ ನೆರವಾಗಲು ಬ್ರಿಟನ್ ಸಿದ್ಧ ಎಂಬ ಒಂದು ಅಂಶ ಉಳಿಯಿತು. ಆರು ದಿನಕ್ಕೆ ಇರಾಕಿನ ಪ್ರಧಾನಿ ಕಾಸಿಮ್ ಕುವೈತ್ ತಮ್ಮದೆಂದರು. ಷೇಖ್ ಅಬ್ದುಲ್ಲಾ ಅವರ ಕೋರಿಕೆ ಜೂನ್ 30ಕ್ಕೆ ಬಂತು, ಜುಲೈ 1ಕ್ಕೆ ಬ್ರಿಟಿಷ್ ಪಡೆ ಇಳಿಯಿತು. ಕಾಗದದ ಮೇಲೆ ಇದು ಗೆಲುವು. ಒಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. 42ನೇ ಕಮಾಂಡೋ ಪಡೆಯನ್ನು ಹೊತ್ತ ಬುಲ್ವರ್ಕ್ ನೌಕೆ ಆ ವಾರ ಕರಾಚಿಯ ಬಳಿಯಲ್ಲಿದ್ದದ್ದು ಅದೃಷ್ಟ. ಹೆಲಿಕಾಪ್ಟರ್‌ಗಳು ಇಳಿದದ್ದು ದೂಳಿನ ಮಬ್ಬಿನಲ್ಲಿ. ಸೈಪ್ರಸ್‌ನಿಂದ ಬರಬೇಕಿದ್ದ ಪಡೆ ತುರ್ಕಿ ತನ್ನ ಆಕಾಶದಲ್ಲಿ ಹಾರಲು ಅನುಮತಿ ಕೊಡದ ಕಾರಣ ತಡವಾಯಿತು. ಜುಲೈ ಬಿಸಿಲಿಗೆ ಹೊಂದದ ಸೈನಿಕರು ಶತ್ರುವಿನ ಗುಂಡು ಬೀಳುವ ಮೊದಲೇ ಕುಸಿದರು. ಇರಾಕಿನ ಬಾಸ್ರಾದಿಂದ ಟ್ಯಾಂಕುಗಳು ಹೊರಟಿದ್ದರೆ ಕುವೈತ್ ನಗರದ ಹೊರಗಿನ ಮುತ್ಲಾ ದಿಬ್ಬ ತಲುಪಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಕಾಸಿಮ್ ಹೊರಡಲಿಲ್ಲ, ಅಷ್ಟೇ. ಭದ್ರತಾ ಮಂಡಳಿಯಲ್ಲಿ ಬ್ರಿಟನ್ನಿನ ನಿರ್ಣಯಕ್ಕೆ ಸೋವಿಯತ್ ವೀಟೋ ಬಿತ್ತು. ಅರಬ್ ಲೀಗಿನ ಪಡೆ ಬಂದ ಮೇಲೆ ಅಕ್ಟೋಬರ್‌ನಲ್ಲಿ ಬ್ರಿಟಿಷರು ಹೊರಟರು. ಆ ನೆರವಿನ ಮಾತೂ 1971ರಲ್ಲಿ ನೋಟಿಸಿನ ಪ್ರಕಾರ ಕೊನೆಗೊಂಡಿತು.

1990ರ ಆಗಸ್ಟ್ 2ರಂದು ಸದ್ದಾಂ ಸೈನ್ಯ ಒಳನುಗ್ಗಿದಾಗ ಕುವೈತಿಗೆ ಯಾರ ಲಿಖಿತ ರಕ್ಷಣೆಯೂ ಇರಲಿಲ್ಲ. ಅಲ್ಲಿದ್ದ 1,70,000ಕ್ಕೂ ಹೆಚ್ಚು ಭಾರತೀಯರು ಊರಿಗೆ ಮರಳಿದರು, ಬಹುಪಾಲು ಜನ ಬಸ್ಸಿನಲ್ಲಿ ಮರಳುಗಾಡು ದಾಟಿ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾದ ವಿಮಾನ ಹತ್ತಿ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಮನೆಗಳಿಗೆ ಅದು ಇಂದಿಗೂ ಹಸಿ ನೆನಪು.

ಈಗ ನಿಮ್ಮ ಕೆಲಸಕ್ಕೆ ಬರೋಣ. ವಿದೇಶಗಳೊಡನೆ ಒಪ್ಪಂದ ಮಾಡುವ ವಿಷಯ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 14ನೇ ನಮೂದಿನಲ್ಲಿದೆ. ಅದರ ಮೇಲೆ ಕಾನೂನು ಮಾಡುವ ಅಧಿಕಾರ ಸಂಸತ್ತಿಗಿದೆ. ಆದರೆ ಒಪ್ಪಂದ ಮಾಡಿಕೊಳ್ಳುವ ರೀತಿಯನ್ನು ಕಟ್ಟುಪಾಡಿಗೆ ತರುವ ಕಾನೂನನ್ನು ಸಂಸತ್ತು ಇದುವರೆಗೆ ಮಾಡಿಲ್ಲ, ಹಾಗಾಗಿ ಸಚಿವ ಸಂಪುಟ ಸಹಿ ಹಾಕಿದರೆ ಮುಗಿಯಿತು. ಇಂಥ ಕಾನೂನು ಬೇಕೆಂದು 2002ರಲ್ಲೇ ಶಿಫಾರಸು ಮಾಡಿದ್ದು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ. ಆ ಶಿಫಾರಸನ್ನು ಖಾಸಗಿ ಸದಸ್ಯರ ಮಸೂದೆಯಾಗಿ ತರಲು ನಿಮ್ಮಲ್ಲಿ ಸಚಿವರಲ್ಲದ ಯಾರಿಗೂ ಅಡ್ಡಿಯಿಲ್ಲ. ಪಕ್ಷ ಯಾವುದಾದರೂ ಸರಿ.

ಮಸೂದೆ ಆಗುವವರೆಗೆ ಪ್ರಶ್ನೋತ್ತರ ಅವಧಿ ಇದೆ. ಲೋಕಸಭೆಯಲ್ಲಿ ಕನಿಷ್ಠ 15 ಪೂರ್ಣ ದಿನಗಳ ಮುಂಚೆ ನೋಟಿಸ್ ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಯನ್ನೇ ಕೇಳಿ, ಆಗ ಮಾತ್ರ ಸಚಿವರು ಎದ್ದುನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆಗೂ ಅವಕಾಶವಿರುತ್ತದೆ. ಚುಕ್ಕೆ ಇಲ್ಲದ ಪ್ರಶ್ನೆಗೆ ಎರಡು ಸಾಲಿನ ಲಿಖಿತ ಉತ್ತರ ಬಂದು ವಿಷಯ ಅಲ್ಲೇ ಮಲಗುತ್ತದೆ. ಕುವೈತ್ ಜೊತೆ ಸಂಬಂಧ ಹೇಗಿದೆ ಎಂದು ಸುಮ್ಮನೆ ಕೇಳಬೇಡಿ. ಅದಕ್ಕೆ ಸಂಬಂಧ ಚೆನ್ನಾಗಿದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗೆ ಕೇಳಿ: 2024ರ ತಿಳಿವಳಿಕೆ ಪತ್ರದಲ್ಲಿ ಅಥವಾ ಅದರ ಜೊತೆಗಿನ ಯಾವುದೇ ಪ್ರತ್ಯೇಕ ಪತ್ರದಲ್ಲಿ, ಅನುಬಂಧದಲ್ಲಿ ಸೈನಿಕ ನೆರವಿನ ಭರವಸೆ ಇದೆಯೇ? ಇದ್ದರೆ ಕೋರಿಕೆ ಯಾರ ಸಹಿಯಲ್ಲಿ ಬರಬೇಕು, ಬಂದಿದೆಯೆಂದು ತೀರ್ಮಾನಿಸುವವರು ಯಾರು? ಯಾವ ಗಡಿಯೊಳಗೆ, ದ್ವೀಪ ಮತ್ತು ಸಮುದ್ರ ಸೇರಿ? ಅವಧಿ ಎಷ್ಟು, ಹೊರಬರುವ ನೋಟಿಸ್ ಎಷ್ಟು ತಿಂಗಳದು? ನಡುವಿನ ದೇಶಗಳ ಆಕಾಶದಲ್ಲಿ ಹಾರಲು ಅನುಮತಿ ಪಡೆಯಲಾಗಿದೆಯೇ? ಅಲ್ಲಿರುವ ಭಾರತೀಯರನ್ನು ಹೊರತರುವ ಹೊಣೆ ಯಾರದು? ಎರಡು ಭಾಷೆಯ ಪ್ರತಿಗಳಲ್ಲಿ ಭಿನ್ನತೆ ಬಂದರೆ ಯಾವುದು ಅಂತಿಮ?

ಸಾರ್ವಜನಿಕ ಹಿತದೃಷ್ಟಿಯಿಂದ ಹೇಳಲಾಗದು ಎಂಬ ಉತ್ತರ ಬರಬಹುದು. ಪಡೆಗಳ ಸಂಖ್ಯೆ, ನೆಲೆ, ಸಂಕೇತಗಳ ಮಟ್ಟಿಗೆ ಆ ಮಾತನ್ನು ಒಪ್ಪಿ. ಭರವಸೆಯ ವಾಕ್ಯಕ್ಕೆ ಒಪ್ಪಬೇಡಿ. 1899ರ ಗುಟ್ಟು ಷೇಖನನ್ನೂ ಕಾಯಲಿಲ್ಲ, ಶತ್ರುವನ್ನೂ ಹೆದರಿಸಲಿಲ್ಲ, ಯಾಕೆಂದರೆ ಗೊತ್ತೇ ಇಲ್ಲದ ಮಾತಿಗೆ ಯಾರೂ ಹೆದರುವುದಿಲ್ಲ. ಸದನದಲ್ಲಿ ಹೇಳಲಾಗದ್ದಿದ್ದರೆ ವಿದೇಶಾಂಗ ಮತ್ತು ರಕ್ಷಣಾ ಸ್ಥಾಯಿ ಸಮಿತಿಗಳ ಸಭೆ ಬಾಗಿಲು ಹಾಕಿಕೊಂಡೇ ನಡೆಯುತ್ತದೆ. ಅಲ್ಲಿ ಪಠ್ಯವನ್ನು ಮೇಜಿನ ಮೇಲಿಡಲಿ.

ಬುಷೆಹ್ರ್ ರೆಸಿಡೆನ್ಸಿಯ ಕಡತಗಳ ದೊಡ್ಡ ಭಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಕತಾರಿನ ಹಣದಿಂದ ಸ್ಕ್ಯಾನ್ ಆಗಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕಲ್ಕತ್ತೆ, ಶಿಮ್ಲಾಗಳ ಕಡೆಯ ಟಿಪ್ಪಣಿಗಳು ನಿಮ್ಮ ಸದನದಿಂದ ಕಾಲ್ನಡಿಗೆಯ ದೂರದ ಜನಪಥದಲ್ಲಿ, ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮುಂದಿನ ಅಧಿವೇಶನದ ನೋಟಿಸ್ ಬರೆಯುವ ಮೊದಲು ನಿಮ್ಮ ಆಪ್ತ ಸಹಾಯಕರನ್ನು ಒಂದು ದಿನ ಅಲ್ಲಿಗೆ ಕಳಿಸಿ, 1899ರ ಕರಾರು ಮತ್ತು ಅದರ ಜೊತೆಗಿನ ಪತ್ರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಿ.

ಇತಿ,
ಕೊಲ್ಲಿಯ ಚರಿತ್ರೆಯನ್ನು ಓದಿಕೊಂಡಿರುವ ನಿಮ್ಮ ಮತದಾರರು