ಅರ್ಜಿ ತಲುಪಿದ್ದು ಮಕ್ಕಳಿಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ಪ್ರವೇಶಾತಿ, ಹಾಸ್ಟೆಲ್, ವಿದ್ಯಾರ್ಥಿವೇತನದ ವಿವರ ಎಲ್ಲಕ್ಕೂ ಕಾಲೇಜುಗಳು ಈಗ ಗೂಗಲ್ ಫಾರ್ಮ್ ಲಿಂಕ್ ಕಳಿಸುತ್ತವೆ. ತುಂಬಿದ ಮೇಲೆ ‘ಮೇಡಂ, ನಮ್ಮ ಅರ್ಜಿ ಬಂತಾ?’ ಎಂದು ಕೇಳಲೆಂದೇ ಹಳ್ಳಿಯಿಂದ ಬಸ್ ಹಿಡಿದು ಬರುವ ಮಕ್ಕಳಿದ್ದಾರೆ. ನೋಡಿದರೆ ಸಂಕಟವಾಗುತ್ತದೆ.

ಉತ್ತರಗಳು ಬಂದು ಬೀಳುವ ಗೂಗಲ್ ಶೀಟ್‌ನಲ್ಲೇ ಪುಟ್ಟ ಪ್ರೋಗ್ರಾಂ ಬರೆಯಲು ಆ್ಯಪ್ಸ್ ಸ್ಕ್ರಿಪ್ಟ್ ಎಂಬ ಸೌಲಭ್ಯವಿದೆ. ಅದರಲ್ಲಿ ಹತ್ತಾರು ಸಾಲಿನ ಮ್ಯಾಕ್ರೊ, ಅಂದರೆ ಕೆಲಸವನ್ನು ತಾನಾಗಿ ಮಾಡುವ ಪ್ರೋಗ್ರಾಂ, ಬರೆದು, ಫಾರ್ಮ್ ಸಲ್ಲಿಕೆಯಾದಾಗ ಅದು ಓಡುವಂತೆ ಟ್ರಿಗರ್ ಹಾಕಿದರೆ ಸಾಕು. ವಿದ್ಯಾರ್ಥಿ ತುಂಬಿದ ಹೆಸರು, ಇಮೇಲ್ ವಿಳಾಸ ನೇರ ಮ್ಯಾಕ್ರೊ ಕೈಗೆ ಸಿಗುತ್ತವೆ. ‘ನಿಮ್ಮ ಅರ್ಜಿ ತಲುಪಿದೆ’ ಎಂಬ ಮೇಲ್ ಅಚ್ಚಗನ್ನಡದಲ್ಲೇ ಹೊರಡುತ್ತದೆ. ಅನೇಕರು ಮ್ಯಾಕ್ರೊದಲ್ಲಿ ‘ಇಮೇಲ್ ಮೂರನೇ ಕಾಲಂ’ ಎಂದು ಸಂಖ್ಯೆ ನಂಬಿ ಬರೆಯುತ್ತಾರೆ. ಕಾಲಂ ಆಚೀಚೆ ಆದರೆ ವಿಳಾಸದ ಜಾಗದಲ್ಲಿ ಫೋನ್ ನಂಬರ್ ಹೋಗಿ ಕೂರುತ್ತದೆ. ಪ್ರಶ್ನೆಯ ಹೆಸರು ಹಿಡಿದು ಉತ್ತರ ತೆಗೆಯುವುದೇ ಸರಿ. ಆಗಲೂ ಪ್ರಶ್ನೆಯ ಒಂದಕ್ಷರ ತಿದ್ದಿದರೆ ಮ್ಯಾಕ್ರೊದಲ್ಲೂ ತಿದ್ದಲೇಬೇಕು.

ಉಚಿತ ಜಿಮೇಲ್ ಖಾತೆಯಾದರೆ ಸ್ಕ್ರಿಪ್ಟ್ ಮೂಲಕ ದಿನಕ್ಕೆ 100 ಜನರಿಗಷ್ಟೇ ಮೇಲ್ ಹೋಗುತ್ತದೆ. ಕೊನೆಯ ದಿನದ ನೂಕುನುಗ್ಗಲಿಗೆ ಇದು ಏನೇನೂ ಸಾಲದು. ಅದೂ ಅಲ್ಲದೆ, ಟ್ರಿಗರ್ ಹಾಕಿದವರ ಖಾತೆಯಿಂದಲೇ ಮೇಲ್ ಹೊರಡುವುದು. ಅತಿಥಿ ಉಪನ್ಯಾಸಕರ ಸ್ವಂತ ಖಾತೆಯಲ್ಲಿ ಇದನ್ನು ಮಾಡಿಸುವುದು ಖಂಡಿತ ಬೇಡ. ಅವರು ಕೆಲಸ ಬಿಟ್ಟ ಮೇಲೆ ಸರಿಪಡಿಸುವವರು ಯಾರು? ಕಾಲೇಜಿನ ಹೆಸರಿನಲ್ಲೇ ಖಾತೆ ಇರಲಿ.

ಶಿಕ್ಷಣ ಇಲಾಖೆ ಇಂಥದ್ದೊಂದು ಮಾದರಿ ಸ್ಕ್ರಿಪ್ಟ್ ಸಿದ್ಧಪಡಿಸಿ, ಪ್ರವೇಶಾತಿ ಶುರುವಾಗುವ ಮುನ್ನ ಎಲ್ಲ ಕಾಲೇಜುಗಳಿಗೂ ಕಳಿಸಿಕೊಡಬೇಕೆಂದು ವಿನಂತಿ.

– ಕಂಪ್ಯೂಟರ್ ಉಪನ್ಯಾಸಕಿ, ಶಿರಸಿ