ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸುಣ್ಣದ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಮುಂಗಾರಿ ಶೇಂಗಾ ಬಿತ್ತಿ ತಿಂಗಳಾಗುವ ಹೊತ್ತಿಗೆ ನಮ್ಮ ಗದಗ ಜಿಲ್ಲೆಯ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಬೆಳೆ ಹಳದಿಗೆ ತಿರುಗುವುದುಂಟು. ನಮ್ಮ ಹೊಲದಲ್ಲಿ ಹೀಗಾದಾಗ ಗೊಬ್ಬರದಂಗಡಿಯವರು ಯೂರಿಯಾ ಹಾಕಲು ಹೇಳಿದರು. ಹಾಕಿದೆವು, ಹಳದಿ ಹೋಗಲಿಲ್ಲ. ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದ್ದರೆ ಆ ಖರ್ಚು ಉಳಿಯುತ್ತಿತ್ತು. ಸಾರಜನಕ ಸಾಲದಿದ್ದರೆ ಮೊದಲು ಬಿಳಚಿಕೊಳ್ಳುವುದು ಬುಡದ ಹಳೆಯ ಎಲೆ. ನಮ್ಮ ಗಿಡಗಳಲ್ಲಿ ಕುಡಿಯ ಎಲೆಗಳೇ ಹಳದಿಯಾಗಿದ್ದವು, ಅವುಗಳಲ್ಲಿಯೂ ನರಗಳು ಮಾತ್ರ ಹಸಿರಾಗಿ ಉಳಿದು ಜಾಲರಿಯಂತೆ ಕಾಣುತ್ತಿದ್ದವು. ಅದು ಕಬ್ಬಿಣದ ಕೊರತೆಯ ಗುರುತು.

ವಿಚಿತ್ರವೆಂದರೆ ಎರೆ ಮಣ್ಣಿಗೆ ಕಬ್ಬಿಣದ ಬಡತನವಿಲ್ಲ. ಕಬ್ಬಿಣ, ಮೆಗ್ನೀಸಿಯಮ್ ಮತ್ತು ಕ್ಯಾಲ್ಸಿಯಂ ಹೇರಳವಾಗಿರುವ ಕಲ್ಲು, ಅಂದರೆ ವಿಜಯಪುರ, ಕಲಬುರಗಿಯ ಕಡೆ ಬಸಾಲ್ಟ್, ನಮ್ಮ ಕಡೆ ಹಸಿರು ಛಾಯೆಯ ಶಿಸ್ಟ್, ಕರಗಿ ಸವೆದು ಈ ಮಣ್ಣಾಗಿದೆ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಕಲ್ಲಿನಿಂದ ಬಿಡುಗಡೆಯಾದ ಕ್ಯಾಲ್ಸಿಯಂ ಬಸಿದು ಹೋಗದೆ ಸುಣ್ಣದ ಹರಳುಗಳಾಗಿ ಅಲ್ಲೇ ನಿಲ್ಲುತ್ತದೆ. ಸುಣ್ಣವಿರುವಲ್ಲಿ ಮಣ್ಣು ಕ್ಷಾರವಾಗಿ, ಕಬ್ಬಿಣ ನೀರಿನಲ್ಲಿ ಕರಗದ ತುಕ್ಕಿನ ರೂಪದಲ್ಲೇ ಉಳಿದುಬಿಡುತ್ತದೆ. ಬೇರಿನ ಸುತ್ತಲೇ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಜಡಿಮಳೆ ಹಿಡಿದು ಹೊಲ ನೀರು ಕುಡಿದು ನಿಂತಾಗ ಈ ಹಳದಿ ಹೆಚ್ಚುವುದನ್ನು ರೈತರು ಬಲ್ಲರು.

ಅದೇ ಶೇಂಗಾವನ್ನು ಪಕ್ಕದ ಮಸಾರಿಗೆ ಹಾಕಿದರೆ ಎಲೆ ಹಸಿರಾಗಿಯೇ ಇರುತ್ತದೆ, ಆದರೆ ಕಿತ್ತಾಗ ಪೊಳ್ಳು ಕಾಯಿ ಹೆಚ್ಚು. ಗ್ರಾನೈಟ್ ಜಾತಿಯ ಕಲ್ಲಿನಿಂದ ಬಂದ ಈ ಹಗುರ ಕೆಂಪು ಮಣ್ಣಿನಲ್ಲಿ ಕ್ಯಾಲ್ಸಿಯಂ ಕಡಿಮೆ. ಹೂವು ಬಾಡಿದ ಮೇಲೆ ಸೂಜಿಯಂತೆ ನೆಲಕ್ಕಿಳಿದು ಬಲಿಯುವ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನ ಮೂಲಕವಲ್ಲ, ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಹೂವಾಡುವ ಹೊತ್ತಿಗೆ ಕ್ಯಾಲ್ಸಿಯಂ ಇರುವ ಜಿಪ್ಸಂ ಹಾಕಿಸುವುದು ಇದಕ್ಕಾಗಿಯೇ. ಹೀಗೆ ಒಂದು ಬದುವಿನ ಆಚೆ ಈಚೆ, ಕೆಳಗಿನ ಕಲ್ಲು ಬದಲಾದ ಮಾತ್ರಕ್ಕೆ, ಒಂದೇ ಬೆಳೆಗೆ ಬೇರೆ ಬೇರೆ ಕೊರತೆ.

ಎಲ್ಲವನ್ನೂ ಕಲ್ಲೇ ತೀರ್ಮಾನಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಕ್ಯಾಲ್ಸಿಯಂ ಕಡಿಮೆಯಿರುವ ಕೆಂಪು ನೆಲದ ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಸುಣ್ಣದ ಎರೆಯಲ್ಲಿ ಬೆಳೆದ ಜೋಳದಲ್ಲಿ 30 ಮಿಲಿಗ್ರಾಂ ಕೂಡ ಇರುವುದಿಲ್ಲ. ಅದು ಆಯಾ ಬೆಳೆಯ ಸ್ವಭಾವ. ಆದರೆ ಸೆಲೆನಿಯಂ ಎಂಬ ಖನಿಜಾಂಶದಂಥ ವಸ್ತುವಿನಲ್ಲಿ ಮಣ್ಣಿನದೇ ಮೇಲುಗೈ. ಶಿವಾಲಿಕ್ ಬೆಟ್ಟಗಳ ಕಡೆಯಿಂದ ಹರಿದುಬಂದ ಮಣ್ಣಿನಿಂದಾಗಿ ಪಂಜಾಬಿನ ಶಹೀದ್ ಭಗತ್ ಸಿಂಗ್ ನಗರ (ಹಿಂದಿನ ನವಾಂಶಹರ್), ಹೋಶಿಯಾರ್‌ಪುರ ಜಿಲ್ಲೆಗಳ ಕೆಲವು ಊರುಗಳಲ್ಲಿ ಗೋಧಿ, ಮೇವು ಎರಡರಲ್ಲೂ ಅದು ಮಿತಿಮೀರಿ ಸೇರಿ, ದನಗಳ ಗೊರಸು ಕಳಚಿದ್ದು ದಾಖಲಾಗಿದೆ.

ರೈತರ ಹೊಲದ ಮಣ್ಣು ಪರೀಕ್ಷಿಸಿ ವರದಿ ಕೊಡುವ, 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸಾರಜನಕದಿಂದ ಬೋರಾನ್‌ವರೆಗಿನ ಪೋಷಕಾಂಶಗಳು, ರಸಸಾರ (ಹುಳಿ-ಕ್ಷಾರದ ಅಳತೆ), ಲವಣಾಂಶ, ಸಾವಯವ ಇಂಗಾಲ ಸೇರಿ ಅದರಲ್ಲಿ 12 ಅಂಶಗಳಿವೆ. ಆದರೆ ಸುಣ್ಣದ ಪ್ರಮಾಣಕ್ಕೆ ಅಲ್ಲಿ ಜಾಗವಿಲ್ಲ, ಮಣ್ಣು ಯಾವ ಕಲ್ಲಿನಿಂದ ಬಂದದ್ದೆಂಬ ಒಂದು ಸಾಲೂ ಇಲ್ಲ. ಎರೆ ಸೀಮೆಯ ಮಟ್ಟಿಗಾದರೂ ಕೃಷಿ ಇಲಾಖೆ ಇವೆರಡನ್ನು ಸೇರಿಸಬೇಕು. ಜೊತೆಗೆ, ಬಿತ್ತಿದ ಮೇಲೆ ರೈತ ತಂದ ಎಲೆಯನ್ನೂ ಸುಗ್ಗಿಯಲ್ಲಿ ತಂದ ಕಾಳನ್ನೂ ಪರೀಕ್ಷಿಸಿ ಕೊಡುವ ವ್ಯವಸ್ಥೆ ಜಿಲ್ಲೆಗೊಂದಾದರೂ ಬೇಕು. ನಮ್ಮ ಹೊಲಕ್ಕೆ ಕೊನೆಗೆ ಬೇಕಾಗಿದ್ದದ್ದು ಯೂರಿಯಾ ಅಲ್ಲ, ಅರ್ಧ ಪ್ರತಿಶತ ಅನ್ನಭೇದಿಯ (ಕಬ್ಬಿಣದ ಸಲ್ಫೇಟ್) ದ್ರಾವಣದ ಸಿಂಪಡಣೆ. ಅದು ತಿಳಿಯುವಷ್ಟರಲ್ಲಿ ಹೂವಾಡುವ ಕಾಲ ಮುಗಿದಿತ್ತು.

– ಒಬ್ಬ ರೈತ ಓದುಗ, ಗದಗ ಜಿಲ್ಲೆ